ಮೀನೆಣ್ಣೆ ಕುಡಿದ ಹಲಗೆಗಳು

ನನ್ನ ಗಂಡನಿಗೆ ಕೊಳ್ಳುವ ಚಾಳಿ ಇರಲಿಲ್ಲ, ಹೆಕ್ಕುವ ಚಾಳಿ ಇತ್ತು. ಸಂಜೆ ಮನೆಗೆ ಬರುವಾಗ ಹೆಂಡತಿಗೆ ಮಲ್ಲಿಗೆ ತರುವ ಗಂಡಸರಿದ್ದಾರೆ ಎಂದು ಕೇಳಿದ್ದೇನೆ. ಇವರು ಹೆಗಲ ಮೇಲೆ ಮರ ತರುತ್ತಿದ್ದರು. ಕೆಡವಿದ ಬಂಗಲೆಯ ಕಿಟಕಿ ಚೌಕಟ್ಟು, ಬಂದರಿನಲ್ಲಿ ಒಡೆದು ಎಸೆದ ಪೆಟ್ಟಿಗೆಯ ಹಲಗೆ, ಸಮುದ್ರ ತನಗೆ ಬೇಡವೆಂದು ದಡಕ್ಕೆ ದೂಡಿದ ಯಾವುದೋ ಬೇರು. ತಂದು ಗೋಡೆಗೆ ಒರಗಿಸಿ, ಬೀಡಿ ಹಚ್ಚಿ, ಅದರ ಎದುರು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಹೆಣ್ಣು ನೋಡಲು ಬಂದಾಗ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಹೊಗಳುವುದು ನನ್ನ ಜಾಯಮಾನವಲ್ಲ. ಆದರೆ ಮರದ ವಿಷಯದಲ್ಲಿ ಆ ಮನುಷ್ಯನನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದದ್ದು ಸೊಟ್ಟ ಕಂಡರೆ ನನ್ನನ್ನು ಬೈದುಕೊಳ್ಳಿ, ಅವರ ಕೆಲಸ ಸೊಟ್ಟವಿರಲಿಲ್ಲ.

ನಮ್ಮದು ಕುಂದಾಪುರದ ಕಡೆ. ಕಡಲಿಗೆ ಇಳಿಯದಿದ್ದರೆ ಒಲೆ ಉರಿಯದ ಕುಲ. ಮಾವ ದೋಣಿ ರಿಪೇರಿ ಮಾಡುತ್ತಿದ್ದರು. ಇವರು ಆ ದೋಣಿಗಳ ಹೊಟ್ಟೆಯಡಿಯಲ್ಲಿ ಆಡಿ, ಅಲ್ಲೇ ಉಳಿ ಹಿಡಿಯಲು ಕಲಿತವರು. ಮುಂಬಯಿಗೆ ಬಂದದ್ದು ಮಾತ್ರ ನಮ್ಮ ಕಡೆಯ ಗಂಡಸರೆಲ್ಲ ಬಂದ ಹಾಗೆ, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು. ಆಗ ಹೋಟೆಲ್ ಕೆಲಸದವರು ಹಗಲು ಗಿರಾಕಿ ತಿಂದು ಎದ್ದ ಮೇಜಿನ ಮೇಲೆಯೇ ರಾತ್ರಿ ಚಾಪೆ ಹಾಸಿ ಮಲಗುತ್ತಿದ್ದರು. ಹೆಂಡತಿಯರೆಲ್ಲ ಊರಲ್ಲಿ. ಹೋಟೆಲ್ ಮೇಜಿನ ಮೇಲೆ ಹೆಂಡತಿಯನ್ನು ಮಲಗಿಸಲಾಗುತ್ತದೆಯೇ? ಹಾಗಾಗಿ ಮದುವೆಯಾದ ಮೇಲೆ ನಾನು ಅತ್ತೆಯ ಜೊತೆ ಊರಲ್ಲಿದ್ದೆ. ಇವರು ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟರಾಗಿದ್ದರು. ಅತ್ತೆ ಕೆಟ್ಟವರೇನಲ್ಲ. ಆದರೆ ನಾನು ಮದುವೆಯಾದದ್ದು ಅತ್ತೆಯನ್ನಲ್ಲ.

ನಮ್ಮಿಬ್ಬರನ್ನು ಒಂದು ಕಡೆ ಸೇರಿಸಿದ್ದು ತಿಗಣೆ.

ಆಗಿನ ಮುಂಬಯಿಯಲ್ಲಿ ತಿಗಣೆ ಇಲ್ಲದ ಜಾಗವಿರಲಿಲ್ಲ. ಲೋಕಲ್ ರೈಲಿನ ಸೀಟಿನಲ್ಲಿ, ಸಿನಿಮಾ ಥಿಯೇಟರಿನ ಕುರ್ಚಿಯಲ್ಲಿ, ಹೋಟೆಲಿನ ಬೆಂಚಿನಲ್ಲಿ, ಸಾಲುಕೋಣೆಯ ಚಾಳಿನ ಮಂಚದಲ್ಲಿ. ಭಾನುವಾರ ಬಂತೆಂದರೆ ಚಾಳಿನ ಹೆಂಗಸರು ಮಂಚ ಹೊರಗೆ ಎಳೆದು, ಸಂದುಸಂದಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ತಿಗಣೆ. ಅವು ಇರುವುದು ಮರ ಮರ ಸೇರುವ ಸಂದಿನಲ್ಲಿ. ಇವರು ತಾವು ಮಲಗಲೆಂದು ಪೆಟ್ಟಿಗೆ ಹಲಗೆಯಲ್ಲಿ ಒಂದು ಬೆಂಚು ಮಾಡಿಕೊಂಡಿದ್ದರು. ಬಡಗಿ ಮಾಡುವ ಹಾಗಲ್ಲ, ದೋಣಿ ಮಾಡುವ ಹಾಗೆ. ಹಲಗೆಗೆ ಹಲಗೆ ಕೂಡಿಸಿ, ಸಂದಿಗೆ ಹತ್ತಿ ತುರುಕಿ, ಮೊಂಡು ಉಳಿಯಿಂದ ಬಡಿದು ಬಡಿದು ಬಿಗಿ ಮಾಡಿ, ಮೇಲೆ ಕಾಯಿಸಿದ ರಾಳ ಎಳೆದಿದ್ದರು. ಸಮುದ್ರದ ನೀರೇ ನುಗ್ಗಲಾಗದ ಸಂದಿನಲ್ಲಿ ತಿಗಣೆಗೇನು ಕೆಲಸ?

ಆ ಹೋಟೆಲಿನ ದೊಡ್ಡ ಅಡುಗೆಯವರು ಉಡುಪಿ ಕಡೆಯ ಬ್ರಾಹ್ಮಣರು. ಒಂದು ಮಧ್ಯಾಹ್ನ ಇವರ ಬೆಂಚಿನ ಮೇಲೆ ಅಡ್ಡಾದವರು ಸಂಜೆಯವರೆಗೆ ಏಳಲಿಲ್ಲವಂತೆ. ಎದ್ದವರು ತೋಳು ನೋಡಿಕೊಂಡರು, ಕುತ್ತಿಗೆ ನೋಡಿಕೊಂಡರು, ಒಂದು ದದ್ದೂ ಇಲ್ಲ. "ನಾನ್ ಸ್ವಂತ ಹೋಟೆಲ್ ಹಾಕುವತಿಗೆ ಮೇಜು ಬೆಂಚ್ ಎಲ್ಲ ನೀನೇ ಮಾಡ್ಕ್, ಕಂಡ್ಯಾ" ಅಂದರಂತೆ. ಹೋಟೆಲಿನವರು ಹೀಗೆ ಹೇಳುವುದು ಬಹಳ. ಈ ಅಡುಗೆಯವರು ಮಾತ್ರ ಹೇಳಿದಂತೆ ಸಯನ್ ಸ್ಟೇಷನ್ನಿನ ಹತ್ತಿರ ಹೋಟೆಲ್ ಹಾಕಿಯೇ ಬಿಟ್ಟರು. ಅಂದಿನಿಂದ ಅವರು ನಮಗೆ ಧಣಿ.

ಹೋಟೆಲಿನ ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ತಗಡಿನ ಶೆಡ್ಡಿತ್ತು. ಧಣಿ ಮಾಡಿದ ಒಪ್ಪಂದ ಇಷ್ಟು: ಹೋಟೆಲಿಗೆ ಬೇಕಾದ ಮರದ ಸಾಮಾನೆಲ್ಲ ಇವರು ಮಾಡಿಕೊಡಬೇಕು, ಮರವೂ ಇವರೇ ಹುಡುಕಿಕೊಳ್ಳಬೇಕು. ಕೆಲಸ ಮನಸ್ಸಿಗೆ ಬಂದರೆ ಚೌತಿಯ ದಿನ ಹೋಟೆಲ್ ಆರಂಭದ ಪೂಜೆ, ಶೆಡ್ಡು ನಮ್ಮ ಸಂಸಾರಕ್ಕೆ. ಮನಸ್ಸಿಗೆ ಬಾರದಿದ್ದರೆ ಶೆಡ್ಡು ಹೊಸ ಅಡುಗೆಯವನಿಗೆ. ಅವನಿಗೂ ಊರಲ್ಲಿ ಹೆಂಡತಿ ಇದ್ದಳು, ಅವನೂ ಅದೇ ಶೆಡ್ಡು ಕೇಳಿದ್ದ. ಹೋಟೆಲಿಗೆ ಅಡುಗೆಯವನು ಮುಖ್ಯವೋ ಬೆಂಚು ಮಾಡುವವನು ಮುಖ್ಯವೋ ಎಂದು ಬೇರೆ ಹೇಳಬೇಕಾಗಿಲ್ಲ. ಕೆಲಸ ಮುಗಿಯುವ ತನಕ ಶೆಡ್ಡಿನಲ್ಲಿರಿ ಎಂದರು ಧಣಿ. ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗಿನಲ್ಲಿ ನಾನು ಬಂದೆ. ಶೆಡ್ಡು ಉಳಿದರೆ ಮುಂಬಯಿ, ಹೋದರೆ ಮಳೆ ನಿಂತ ಮೇಲೆ ಅದೇ ಹಡಗು, ಅದೇ ಅತ್ತೆ. ನನಗೆ ಅದು ಬಂದ ದಿನವೇ ಗೊತ್ತಿತ್ತು.

ಇವರು ಮರ ಹುಡುಕಲು ಹೋಗುತ್ತಿದ್ದದ್ದು ಮಾಹಿಮ್ ದಡಕ್ಕೆ. ನಾನೂ ಜೊತೆಗೆ ಹೋಗುತ್ತಿದ್ದೆ, ಮರಕ್ಕಲ್ಲ, ಬಂಗುಡೆಗೆ. ಅಲ್ಲಿ ಮೀನು ಮಾರುವ ಒಬ್ಬ ಮುದುಕಿ ಇದ್ದಳು, ಕೋಳಿ ಎನ್ನುವ ಅಲ್ಲಿನ ಮೀನುಗಾರ ಕುಲದವಳು. ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಅಂದೆವು. ಅವಳ ಗಂಡ ಸತ್ತು ದೋಣಿ ದಡದಲ್ಲಿ ಕವುಚಿ ಬಿದ್ದಿತ್ತು. ಗಂಡುಮಕ್ಕಳಿಲ್ಲ. ಇವರು ಆ ದೋಣಿಯ ಸುತ್ತ ಸುತ್ತುವುದನ್ನು ಅವಳು ಕೆಲವು ದಿನ ನೋಡಿ, "ಸುತ್ತು ಹಾಕಿದರೆ ದೇವರು ಒಲಿದಾನು, ದೋಣಿ ಒಲಿಯುವುದಿಲ್ಲ. ಬೇಕಾದರೆ ಬಿಚ್ಚಿಕೊಂಡು ಹೋಗು" ಅಂದಳು. ಅವಳು ಆಡಿದ್ದು ಮರಾಠಿ. ನನಗೆ ಅರ್ಥವಾದ ಹಾಗೆ ನನ್ನ ಮಾತಿನಲ್ಲೇ ಬರೆಯುತ್ತೇನೆ.

ದೋಣಿಯ ಮರ ಸಾಗವಾನಿ. ಹೊರಗೆ ಇದ್ದಲಿನಷ್ಟು ಕಪ್ಪು. ಇವರು ಹತ್ತರಿ ಹಾಕಿ ಒಂದು ಪದರ ತೆಗೆದರೆ ಒಳಗೆ ಜೇನಿನ ಬಣ್ಣ. ಆ ಬೇಸಿಗೆಯ ಕೊನೆಯಲ್ಲಿ ಇವರು ಮಾಡಿದ ಕೆಲಸ ಈಗಲೂ ನನ್ನ ಕಣ್ಣಲ್ಲಿದೆ. ದೋಣಿಯ ಪಕ್ಕೆಲುಬುಗಳು ಇರುತ್ತವಲ್ಲ, ಬಗ್ಗಿದ ಮರ, ಅದನ್ನು ಬೇರೆ ಬಡಗಿಯಾದರೆ ಸೌದೆಗೆ ಹಾಕುತ್ತಿದ್ದ. ಇವರು ಆ ಬಗ್ಗನ್ನು ಹಾಗೇ ಇಟ್ಟು ಬೆಂಚಿಗೂ ಮೇಜಿಗೂ ಕಾಲು ಮಾಡಿದರು. ಬೆಂಚು ನೆಲ ಹಿಡಿದು ನಿಂತಿತು, ಎಮ್ಮೆ ನಿಂತ ಹಾಗೆ. ದಪ್ಪ ಗಿರಾಕಿ ಧೊಪ್ಪನೆ ಕೂತರೂ ಅಲುಗಲಿಲ್ಲ. ದೋಣಿಯ ಹುಟ್ಟುಗಳ ಹಿಡಿಕೆಗಳನ್ನು ಗೋಡೆಗೆ ಹೊಡೆದು ಟೋಪಿ ಅಂಗಿ ನೇತುಹಾಕುವ ಗೂಟ ಮಾಡಿದರು. ಬಾಂದ್ರಾದ ಬಂಡೆಗಳ ನಡುವೆ ಸಿಕ್ಕಿದ ಒಂದು ಬೇರು ಇತ್ತು, ಹತ್ತು ಬೆರಳಿನ ಕೈಯ ಹಾಗೆ. ಅದನ್ನು ತಲೆಕೆಳಗು ಮಾಡಿ ಬಾಗಿಲ ಬಳಿ ನಿಲ್ಲಿಸಿದರು. ನಾನು, "ಇದ್ ಎಂತಕೆ? ದೆವ್ವಕ್ಕೆ ಕೂಕಂಬುಕಾ?" ಅಂದೆ. ಇವರು ಧಣಿಯ ಒದ್ದೆ ಕೊಡೆ ತಂದು ಒಂದು ಬೆರಳಿಗೆ ನೇತುಹಾಕಿದರು. ನೀರು ಬೇರಿನ ಮೇಲೆ ಇಳಿದು ಕೆಳಗಿಟ್ಟ ಬೋಗುಣಿಗೆ ಬಿತ್ತು. ಮುಂಬಯಿ ಮಳೆಯಲ್ಲಿ ಕೊಡೆ ಇಡಲು ಜಾಗವಿರುವ ಹೋಟೆಲ್ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. 

ಮೇಜುಗಳ ಮೇಲ್ಹಾಸಿಗೆ ದೋಣಿಯ ಅಗಲ ಹಲಗೆ ಹಾಕಿದರು. ಅಲ್ಲೇ ಎಡವಿದ್ದು.

ಮೇಜೆಲ್ಲ ಜೋಡಿಸಿದ ಮೇಲೆ ಒಂದು ಬೆಳಿಗ್ಗೆ ಧಣಿ ಬಂದರು. ಹೊರಗೆ ಜಡಿಮಳೆ. ಬೆಂಚು ತಟ್ಟಿದರು, ಕಾಲು ಅಲುಗಿಸಿ ನೋಡಿದರು, ಸಂದಿಗೆ ಉಗುರು ಹಾಕಿ ಕೆರೆದರು. ಉಗುರು ಒಳಗೆ ಹೋಗಲಿಲ್ಲ. ಮುಖ ಅರಳಿತು. "ಭೇಷ್! ನನ್ ಹೋಟ್ಲಂಗೆ ಗಿರಾಕಿ ಕೆರ್ಕಂಬುಕಿಲ್ಲೆ" ಅಂದರು. ಅಡುಗೆಯವನಿಗೆ ಕಾಫಿ ತರಲು ಹೇಳಿದರು. ಹಿತ್ತಾಳೆ ಲೋಟದಲ್ಲಿ ಬಿಸಿ ಬಿಸಿ ಕಾಫಿ ಬಂತು. ಮೇಜಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ಧಣಿಯ ಮೂಗು ಮೊಲದ ಮೂಗಿನ ಹಾಗೆ ಕುಣಿಯಿತು.

"ಎಂತದಾ ವಾಸ್ನೆ?"

"ಕಾಫಿದ್, ಧಣಿ" ಎಂದರು ಇವರು.

"ಕಾಫಿ ಹೌದ್. ಕಾಫಿಯ ಅಡಿಯಂಗೆ ಎಂತದೋ ಇತ್ತ್." ಲೋಟ ಎತ್ತಿ, ಅದು ಇದ್ದ ಬಿಸಿ ಜಾಗಕ್ಕೆ ಮೂಗು ಇಟ್ಟರು. ಹಾವು ಮುಟ್ಟಿದವರ ಹಾಗೆ ಎದ್ದು ಹೋಗಿ ನಲ್ಲಿಯಲ್ಲಿ ಮೂಗು ತೊಳೆದುಕೊಂಡು ಬಂದರು.

"ಇದ್ ಯಾವ್ ಮರ ಮಾರಾಯಾ?"

"ಸಾಗ್ವಾನಿ."

"ಇಷ್ಟ್ ದಿನ ಎಲ್ಲಿತ್ತ್ ಈ ಸಾಗ್ವಾನಿ?"

ಇವರು ನನ್ನ ಮುಖ ನೋಡಿದರು. ಸುಳ್ಳು ಹೇಳಲು ಇವರಿಗೆ ಬರುತ್ತಿರಲಿಲ್ಲ, ನಿಜ ಹೇಳಲು ಧೈರ್ಯ ಇರಲಿಲ್ಲ. ನಾನೇ ಹೇಳಿದೆ. "ಸಮುದ್ರದಂಗಿತ್ತ್, ಧಣಿ. ದೋಣಿ ಮರ."

"ಎಂತಾ ದೋಣಿ?"

"ಎಂತಾ ದೋಣಿ ಅಂದ್ರೆ? ಮೀನಿನ್ ದೋಣಿ."

ಧಣಿ ಬೆಂಚಿನ ಮೇಲೆ ಕುಸಿದರು. ತಲೆಯ ಮೇಲೆ ಕೈ. "ಶುದ್ಧ ಶಾಕಾಹಾರಿ ಅಂದ್ ಇಷ್ಟ್ ದೊಡ್ಡ ಬೋರ್ಡ್ ಬರ್ಸಿದ್ದೆ. ಬೋರ್ಡಿನ ಅಡಿಯಂಗೇ ಬಂಗ್ಡೆ ಕೂಕಂಡಿತ್ತಲಾ ಮಾರಾಯ್ತಿ!"

ಆದದ್ದು ಇಷ್ಟು. ದೋಣಿಯ ಮರಕ್ಕೆ ವರ್ಷವೂ ಮೀನೆಣ್ಣೆ ಹಚ್ಚುತ್ತಾರೆ, ಹುಳ ಬಾರದ ಹಾಗೆ. ಮೌಶಿಯ ಗಂಡ ಹಚ್ಚಿದ್ದ, ನಮ್ಮೂರಲ್ಲಿ ಮಾವನೂ ಹಚ್ಚುತ್ತಿದ್ದರು. ಅಷ್ಟು ವರ್ಷ ಕುಡಿದ ಎಣ್ಣೆ ಹಲಗೆಯ ಹೊಟ್ಟೆಯವರೆಗೆ ಇಳಿದಿರುತ್ತದೆ. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿ ತಾಗಿದರೆ ಮೇಲೆ ಬರುತ್ತದೆ. ಇದು ಇವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದ್ದು, ಅದು ವಾಸನೆ ಎಂಬುದು. ನಾನೂ ಮೇಜಿಗೆ ಮೂಗು ಇಟ್ಟು ನೋಡಿದೆ. ನನಗೆ ಬಂದದ್ದು ನಮ್ಮ ಮನೆಯ ವಾಸನೆ, ಅಪ್ಪನ ಅಂಗಿಯ ವಾಸನೆ. ಹುಟ್ಟಿದಂದಿನಿಂದ ಅದರಲ್ಲೇ ಉಸಿರಾಡಿದವರಿಗೆ ಅದು ಗಾಳಿ. ಬ್ರಾಹ್ಮಣನ ಹೋಟೆಲಿನಲ್ಲಿ ಮೀನೆಣ್ಣೆಯ ಮೇಜು ಹಾಕಲು ನಮ್ಮಂಥವರಿಂದ ಮಾತ್ರ ಸಾಧ್ಯ.

ಬೇರೆ ಧಣಿಯಾಗಿದ್ದರೆ ಹಲಗೆಯ ಜೊತೆ ನಮ್ಮನ್ನೂ ಬೀದಿಗೆ ಎಸೆಯುತ್ತಿದ್ದ. ನಮ್ಮ ಧಣಿ ಎಸೆಯಲಿಲ್ಲ. "ಬೆಂಚ್ ಮೇಜಿನ ಕಾಲ್ ಇರ್ಲಿ, ಗೂಟವೂ ಇರ್ಲಿ, ಅಲ್ಲೆಲ್ಲ ಯಾರೂ ಬಿಸಿ ಇಡುದಿಲ್ಲೆ" ಅಂದರು. ಬೆಂಚಿನ ಆಸನ ಪೆಟ್ಟಿಗೆ ಮರದ್ದು, ಅದರ ಚಿಂತೆ ಇರಲಿಲ್ಲ. "ಮೇಜಿನ ಮೇಲಿನ ಹಲ್ಗೆ ಒಂದೂ ಇರುಕಾಗ. ಚೌತಿಯೊಳಗೆ ಬೇರೆ ಆಯ್ಕ್. ಆತಿಲ್ಲೆ ಅಂದ್ರೆ ನಾನ್ ಪೇಟೆಯಿಂದ ತರ್ಸ್ತೆ. ಮತ್ತೆ ಶೆಡ್ಡಿನ ಮಾತ್ ನಂಗೆ ಹೇಳುಕಾಗ."

ಆ ಸಂಜೆ ಅಡುಗೆಯವನು ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಇಣುಕಿದ. ಒಳಗೆ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದ. ನಾನು ಅನ್ನ ಬಸಿಯುತ್ತಿದ್ದೆ.

"ಎಂತ ಅಳೂದ್?"

"ಸುಮ್ನೆ" ಅಂದ. "ನಮ್ ಮಂಚ ಹಿಡಿತ್ತಾ ಅಂದ್ ಕಂಡೆ."

ಅವನ ಮೇಲೆ ಗಂಜಿ ಹೊಯ್ಯಬೇಕೆನಿಸಿತು. ಹೊಯ್ಯಲಿಲ್ಲ. ಗಂಜಿ ದಂಡ.

ಮೊದಲು ನನ್ನ ದಾರಿ ನೋಡಿದೆ. ಮೀನಿನ ಮಡಕೆ ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ, ಸುಣ್ಣ ಬಳಿದು ಇಟ್ಟು ಕೆರೆದೆ, ಅಂಟುವಾಳ ಅರೆದು ಉಜ್ಜಿದೆ. ವಾಸನೆ ಹೋಯಿತೋ ಇಲ್ಲವೋ ತಿಳಿಯಲು ನಮ್ಮ ಮೂಗು ಪ್ರಯೋಜನಕ್ಕಿಲ್ಲ. ಧಣಿಯನ್ನೇ ಕರೆದು ಬಿಸಿ ನೀರು ಹೊಯ್ದು ಮೂಸಿಸಬೇಕಾಯಿತು. "ಈಗ ಹುಳಿ ಹಾಕಿದ ಬಂಗ್ಡೆ" ಅಂದು ಹೋದರು ಅವರು.

ಇವರು ಆ ಹಲಗೆಗಳನ್ನು ಮೇಜಿನಿಂದ ಬಿಚ್ಚಿ ಗೋಡೆಗೆ ಒರಗಿಸಿ, ಬೀಡಿ ಹಚ್ಚಿ, ಎದುರು ಕೂತರು. ಬೀಡಿ ಮುಗಿದ ಮೇಲೆ ಒಂದೇ ಮಾತು. "ಮೌಶಿ ಕೂಕಂಬ್ ಕೊರ್ಡ್ ಇತ್ತಲೆ."

ಅದು ನನಗೂ ಗೊತ್ತಿದ್ದ ಕೊರಡು. ಯಾವುದೋ ಮಳೆಗಾಲದಲ್ಲಿ ಯಾವುದೋ ಹಡಗಿನಿಂದ ಜಾರಿ ಮಾಹಿಮ್ ದಡಕ್ಕೆ ಬಂದು ಬಿದ್ದ ದೊಡ್ಡ ಸಾಗವಾನಿ ದಿಮ್ಮಿ. ಬಿಸಿಲಿಗೆ ಬೆಳ್ಳಗಾಗಿ ಮುದುಕನ ಮೂಳೆಯ ಹಾಗಿತ್ತು. ಮೌಶಿ ಅದರ ಮೇಲೆ ಕೂತು ಮೀನು ಮಾರುತ್ತಿದ್ದಳು, ಅವಳ ಓಣಿಯವರು ಅದರ ಮೇಲೆ ಕೂತು ಬಲೆ ಹೆಣೆಯುತ್ತಿದ್ದರು. ಎಣ್ಣೆ ಮುಟ್ಟದ ಮರ. ಆದರೆ ಅದರ ತುದಿಯಲ್ಲಿ ಒಂದು ಕಲ್ಲು ಇತ್ತು. ಆ ದಡದ ಕಟ್ಟಳೆ ಹೀಗೆ: ಸಮುದ್ರ ತಂದು ಹಾಕಿದ ಮರದ ಮೇಲೆ ಯಾರು ಮೊದಲು ಕಲ್ಲು ಇಡುತ್ತಾರೋ ಮರ ಅವರದು. ಇಟ್ಟವರು ತಾವಾಗಿ ತೆಗೆಯುವ ತನಕ ಇನ್ನೊಬ್ಬರು ಮುಟ್ಟುವುದಿಲ್ಲ. ಕಾವಲಿಲ್ಲ, ಬೀಗವಿಲ್ಲ, ಒಂದು ಕಲ್ಲು ಅಷ್ಟೇ. ಸಯನ್ ಬೀದಿಯಲ್ಲಿ ಚಪ್ಪಲಿ ಬಿಟ್ಟರೆ ಉಳಿಯುತ್ತಿರಲಿಲ್ಲ, ಅಲ್ಲಿ ವರ್ಷಗಟ್ಟಲೆ ದಿಮ್ಮಿ ಉಳಿದಿತ್ತು. ಆ ಜನರನ್ನು ನಾನು ಮೆಚ್ಚಿದ್ದು ಅದಕ್ಕೆ. ಈ ಕಲ್ಲು ಇಟ್ಟದ್ದು ಮೌಶಿಯ ಗಂಡ.

"ನೀವೇ ಕೇಣಿ" ಅಂದೆ.

"ನೀನ್ ಕೇಣ್. ನಂಗ್ ಮಾತಾಡುಕ್ ಆತಿಲ್ಲೆ."

ಹೋದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಮೌಶಿ ತಲೆಗೆ ಗೋಣಿ ಹೊದ್ದು ದಿಮ್ಮಿಯ ಮೇಲೆ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಕೇಳಿ ಕೊನೆಗೆ ತೊಡೆ ತಟ್ಟಿಕೊಂಡು ನಕ್ಕಳು.

"ಅಯ್ಯೋ ತಾಯೀ! ಮೀನುಗಾರನ ದೋಣಿಯಲ್ಲಿ ಮೀನು ನಾರದೆ ಅತ್ತರು ನಾರುತ್ತದೆಯೇ? ನಿನ್ನ ಗಂಡ ಹುಚ್ಚ, ನೀನು ಹುಚ್ಚಿ, ಮೇಜು ಮೂಸುವ ಆ ಬಾಮಣ ನಿಮ್ಮಿಬ್ಬರಿಗಿಂತ ಹುಚ್ಚ."

"ಹುಚ್ಚೋ ಬೆಪ್ಪೋ, ಈ ಮರ ಸಿಗದಿದ್ದರೆ ನಾನು ಊರಿಗೆ ಹೋಗಬೇಕು, ಮೌಶಿ."

"ಹೋಗು. ಊರಲ್ಲಿ ಮೀನು ಇಲ್ಲವೇ?"

"ಮೀನು ಇದೆ. ಇವರು ಇಲ್ಲ."

ಮೌಶಿ ದೂರದಲ್ಲಿ ನಿಂತಿದ್ದ ಇವರನ್ನು ಮೇಲಿಂದ ಕೆಳಗೆ ನೋಡಿದಳು. "ಇವನಿಗಾಗಿಯೇ?" ಅಂದಳು. ಆಮೇಲೆ, "ಮರ ಕೊಟ್ಟರೆ ನಾನು ಎಲ್ಲಿ ಕೂರಲಿ?"

"ನಿನ್ನ ಗಂಡನ ದೋಣಿಯ ಮೇಲೆ ಕೂರು. ಹಲಗೆಯೆಲ್ಲ ಹತ್ತರಿ ಹಾಕಿ ನಯ ಮಾಡಿ ಇಟ್ಟಿದೆ. ಕೂರಲು ಬೆಂಚು, ಮೀನು ಕತ್ತರಿಸಲು ಮೇಜು, ಇವರೇ ಕೂಡಿಸಿ ಕೊಡುತ್ತಾರೆ. ಅಲ್ಲಿ ಯಾರೂ ಮೂಸುವುದಿಲ್ಲ."

 ಆ ಕುಲದಲ್ಲಿ ಹೆಂಗಸರು ಮೀನಿನ ದೋಣಿ ಹತ್ತುವ ಪದ್ಧತಿ ಇಲ್ಲ. "ಬದುಕಿದ್ದಾಗ ಒಂದು ದಿನ ಆ ದೋಣಿಗೆ ಹತ್ತಿಸಲಿಲ್ಲ ಮುದುಕ. ಈಗ ಅವನ ದೋಣಿಯ ಮೇಲೆ ಕಾಲು ಚಾಚಿ ಕೂರುತ್ತೇನೆ" ಅಂದಳು ಮೌಶಿ. ಎದ್ದು ಹೋಗಿ ಎರಡೂ ಕೈಯಿಂದ ಕಲ್ಲು ಎತ್ತಿ ಮರಳಿಗೆ ಹಾಕಿದಳು. ಅಷ್ಟೇ. ಸುತ್ತ ನಿಂತ ಕೋಳಿ ಗಂಡಸರು ಕಲ್ಲು ಕೆಳಗೆ ಬಿದ್ದದ್ದು ನೋಡಿದ ಕೂಡಲೇ ದಿಮ್ಮಿಗೆ ಹಗ್ಗ ಕಟ್ಟಲು ಬಂದರು. ಅದಕ್ಕೆ ಮುಂಚೆ ಒಬ್ಬರೂ ಬಂದಿರಲಿಲ್ಲ.

ಕೈಗಾಡಿಯ ಮೇಲೆ ದಿಮ್ಮಿ ಹೇರಿ ಧಾರಾವಿಯ ದಾರಿಯಾಗಿ ತಳ್ಳಿಕೊಂಡು ಬಂದೆವು. ಅದು ದಾರೂಬಂದಿಯ, ಹೆಂಡ ನಿಷೇಧದ ಕಾಲ, ಹೆಂಡ ಸಾಗಿಸುವವರು ಎಲ್ಲೆಲ್ಲೋ ಅಡಗಿಸಿ ಸಾಗಿಸುತ್ತಿದ್ದರು. ದಾರಿಯಲ್ಲಿ ಒಬ್ಬ ಹವಾಲ್ದಾರ ತಡೆದ. ದಿಮ್ಮಿಗೆ ಲಾಠಿಯಲ್ಲಿ ಕುಟ್ಟಿದ, ಒಳಗೆ ಪೊಳ್ಳಿದೆಯೇ ಎಂದು ಕಿವಿ ಇಟ್ಟ. ಹುಳ ಕೊರೆದ ತೂತುಗಳಿಗೆ ಮೂಗು ಇಟ್ಟ.

"ಕ್ಯಾ ಹೈ ಅಂದರ್?"

"ನಮಕ್" ಅಂದೆ. "ಚಾಟ್ ಕೇ ದೇಖೋ."

ಉಪ್ಪು, ನೆಕ್ಕಿ ನೋಡು ಎಂದು ಹವಾಲ್ದಾರನಿಗೇ ಹೇಳಿದ್ದು ಕೇಳಿ ಇವರ ಮುಖ ಬಿಳುಚಿತು. ಹವಾಲ್ದಾರ ನಕ್ಕು ದಾರಿ ಬಿಟ್ಟ.

ಮುಂದಿನ ಕೆಲಸ ಸುಲಭದ್ದಲ್ಲ. ದಿಮ್ಮಿ ಸೀಳಲು ಉದ್ದ ಗರಗಸಕ್ಕೆ ಇಬ್ಬರು ಬೇಕು, ಒಬ್ಬರು ಮೇಲೆ ನಿಂತು, ಒಬ್ಬರು ಕೆಳಗೆ ಕೂತು. ಕೂಲಿಗೆ ಜನ ಕರೆಯುವ ಸ್ಥಿತಿ ನಮ್ಮದಲ್ಲ. ಸೀರೆ ಮೊಣಕಾಲಿಗೆ ಕಟ್ಟಿ ನಾನು ಕೆಳಗೆ ಕೂತೆ. ಕೆಳಗಿನವರ ಕಣ್ಣಿಗೆ ಮೂಗಿಗೆ ಬಾಯಿಗೆ ಹೊಟ್ಟು. ತೋಳು ಕಳಚಿಹೋದೀತು ಎನಿಸುತ್ತಿತ್ತು. ಅಡುಗೆಯವನು ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದ. ನಾನು ನಿಲ್ಲಿಸಲಿಲ್ಲ. ಮೊದಲ ಹಲಗೆ ಬಿಚ್ಚಿಕೊಂಡಾಗ ಹೊರಗೆ ಮೂಳೆಯ ಬಣ್ಣದ್ದು ಒಳಗೆ ಅರಿಶಿನ ಹಚ್ಚಿದ ಹಾಗಿತ್ತು. ಇವರು ಅದರ ಮೇಲೆ ಅಂಗೈ ಸವರಿ, "ನೀನ್ ಎಳುದ್ ಸಮ ಇತ್ತ್" ಅಂದರು. ಮದುವೆಯಾದ ಮೇಲೆ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಅದು ಮೊದಲನೆಯದು.

ಅಲ್ಲಿಗೆ ಮುಗಿಯಲಿಲ್ಲ. ಸಮುದ್ರದ ಮರದಲ್ಲಿ ಉಪ್ಪು ಇರುತ್ತದೆ. ಹಾಗೇ ಮೇಜು ಮಾಡಿದರೆ ಮಳೆಗಾಲದಲ್ಲಿ ಬೆವರುತ್ತದೆ. ಊರಲ್ಲಿ ಇಂಥ ಮರವನ್ನು ಸಿಹಿನೀರಿನ ತೋಡಿನಲ್ಲಿ ಮುಳುಗಿಸಿ ಇಡುತ್ತಾರೆ. ಸಯನ್ನಿನಲ್ಲಿ ತೋಡು ಎಲ್ಲಿಂದ ತರುವುದು? ಇವರು ಹಲಗೆಗಳನ್ನು ಶೆಡ್ಡಿನ ಸೂರಿನ ಅಡಿ, ತಗಡಿನ ನೀರು ಧಾರೆಯಾಗಿ ಬೀಳುವ ಕಡೆ ನಿಲ್ಲಿಸಿದರು. ಎಲ್ಲರೂ ಬಯ್ಯುವ ಮಳೆಯನ್ನು ಕೆಲಸಕ್ಕೆ ಹಚ್ಚಿದರು. ದಿನವೂ ಹಲಗೆ ನೆಕ್ಕಿ ನೋಡುವುದು ನನ್ನ ಪಾಲಿಗೆ ಬಂತು. ಬೀಡಿ ಸೇದುವ ನಾಲಿಗೆಗೆ ಉಪ್ಪು ತಿಳಿಯದು. ನಾಲಿಗೆಗೆ ಉಪ್ಪು ಹತ್ತದಾದ ದಿನ ತೆಗೆದೆವು.

ಒಣಗಿಸುವುದು ಮತ್ತೆ ಬೇರೆಯೇ ತಾಪತ್ರಯ. ಆ ಮಳೆಯಲ್ಲಿ ಬಿಸಿಲೆಲ್ಲಿ? ಹೋಟೆಲಿನ ಹೊಸ ಭಟ್ಟಿಗಳನ್ನು ಆಗ ದಿನವೂ ಉರಿಸಿ ಹದ ಮಾಡುತ್ತಿದ್ದರು. ಅದರ ಮೇಲೆ ಅಟ್ಟ ಕಟ್ಟಿ ಹಲಗೆ ಹಾಸಿದರೆ ಒಣಗುತ್ತದೆ. ಆದರೆ ಅಡುಗೆಮನೆ ಅಡುಗೆಯವನದು. ಕೇಳಿದರೆ ಬೇಡವೆಂದಾನು ಎಂದುಕೊಂಡೇ ಕೇಳಿದೆ. ಅವನು ತಲೆ ಕೆರೆದು, "ಒಗ್ಗರ್ಣೆ ಹೊಗೆ ಹಿಡ್ದ್ರೆ ನನ್ನ ಕೇಂಬುಕಾಗ" ಅಂದ. ಬೇಡ ಅನ್ನಲಿಲ್ಲ. ಅಷ್ಟೇ ಅಲ್ಲ, ಹಲಗೆ ಒಂದೇ ಬದಿ ಕಾದು ಬಾಗಬಾರದೆಂದು ದೋಸೆ ಮಗುಚುವ ಹಾಗೆ ದಿನವೂ ತಾನೇ ಮಗುಚಿ ಹಾಕುತ್ತಿದ್ದ.

ದಿಮ್ಮಿಯ ಹೊರಗಿನ ಸೀಳು, ಹುಳ ತಿಂದು ಜರಡಿಯಾದದ್ದು, ಉಳಿದಿತ್ತು. ಒಲೆಗೆ ಹಾಕಲು ಹೋದೆ. ಇವರು ಕಿತ್ತುಕೊಂಡು ಕೈ ತೊಳೆಯುವ ಕಡೆಯ ಕನ್ನಡಿಗೆ ಕಟ್ಟು ಮಾಡಿದರು. ಆ ತೂತುಗಳು ಯಾರೋ ಕೂತು ಕೆತ್ತಿದ ಹಾಗೆ ಕಾಣುತ್ತಿದ್ದವು. "ಈ ತೂತಂಗೆ ತಿಗ್ಣೆ ಬತ್ತಿಲ್ಯಾ?" ಎಂದೆ. "ತಿಗ್ಣೆಗೆ ಕನ್ನಡಿ ಎಂತಕೆ?" ಎಂದರು.

ಚೌತಿಯ ಹಿಂದಿನ ದಿನ ಬೆಳಿಗ್ಗೆ ಮೇಜುಗಳು ನಿಂತವು. ಕಪ್ಪು ಬಗ್ಗು ಕಾಲಿನ ಮೇಲೆ ಹೊಂಬಣ್ಣದ ಹಲಗೆ. ಧಣಿ ಬಂದು ಕಾಫಿ ತರಿಸಿದರು. ಈ ಸಲ ಲೋಟ ಇಡಲಿಲ್ಲ, ಇಡೀ ಕಾಫಿಯನ್ನು ಮೇಜಿನ ಮೇಲೆ ಹೊಯ್ದರು. ಹಬೆ ಎದ್ದಿತು. ಬಗ್ಗಿ ಮೂಸಿದರು. ಇನ್ನೊಂದು ಕಡೆ ಮೂಸಿದರು. ನೆಟ್ಟಗೆ ನಿಂತು ಅಡುಗೆಯವನನ್ನು ಕರೆದರು.

"ನಂಗೆ ಒಂದ್ಸಲ ಬಂದ್ ವಾಸ್ನೆ ಮೂಗಂಗೇ ಉಳ್ದಿತ್ತ್. ನಾನ್ ಮೂಸ್ರೆ ಪ್ರಯೋಜನ ಇಲ್ಲೆ. ನೀನ್ ಮೂಸ್."

 ಶೆಡ್ಡು ಬೇಕಾದವನ ಮೂಗಿಗೇ ಶೆಡ್ಡನ್ನು ಕೊಟ್ಟ ಹಾಗಾಯಿತು. ವಾಸನೆ ಬಂತು ಎಂದರೆ ಸಾಕು, ಅವನ ಹೆಂಡತಿ ಬರುತ್ತಾಳೆ, ನಾನು ಹೋಗುತ್ತೇನೆ. ಅವನ ಮಾತನ್ನು ಸುಳ್ಳು ಎನ್ನುವ ಇನ್ನೊಂದು ಮೂಗು ಅಲ್ಲಿ ಇರಲಿಲ್ಲ. ಅವನು ಬಗ್ಗಿದ. ಕಣ್ಣು ಮುಚ್ಚಿ ಮೂಸಿದ. ಸಾರಿನ ಹದ ನೋಡುವ ಹಾಗೆ ನಿಧಾನವಾಗಿ ಮೂಸಿದ. ಎದ್ದ.

"ಕಾಫಿ" ಅಂದ.

"ಮತ್ತೆ?"

"ಮತ್ತೆಂತ ಇಲ್ಲೆ. ಕಾಫಿ ಮಾತ್ರ." ಹೇಳಿ, ಮುಖ ತಿರುಗಿಸಿಕೊಂಡು ಒಳಗೆ ಹೋದ.

ನನ್ನ ಗಂಡನ ಕೈಯನ್ನು ಇಷ್ಟು ಹೊಗಳಿದೆ. ಆ ದಿನದ ಮಟ್ಟಿಗೆ ಅದಕ್ಕಿಂತ ದೊಡ್ಡದು ಅಡುಗೆಯವನ ಮೂಗು.

ಧಣಿ ಶೆಡ್ಡು ಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು. "ಶೆಡ್ಡಂಗೆ ಇನ್ ಮೀನ್ ಬೇಯ್ಸುಕಾಗ. ಹಲ್ಗೆ ಬದ್ಲ್ ಮಾಡುಕ್ ಆತ್ತ್, ಗಾಳಿ ಬದ್ಲ್ ಮಾಡುಕ್ ಆತಿಲ್ಲೆ."

"ಆತ್ತ್, ಧಣಿ" ಎಂದರು ಇವರು, ನಾನು ಬಾಯಿ ತೆರೆಯುವ ಮೊದಲೇ.

"ಒಣಮೀನ್?" ಎಂದೆ ನಾನು.

"ಅದೂ ಬೇಡ ಮಾರಾಯ್ತಿ."

ಸ್ವಲ್ಪ ಯೋಚಿಸಿದೆ. ಸುಮ್ಮನೆ ಹೂಂ ಎನ್ನುವವಳಲ್ಲ ನಾನು. ವಾರಕ್ಕೊಮ್ಮೆ ಮೌಶಿಯ ಗುಡಿಸಲಿನಲ್ಲಿ ಬೇಯಿಸಿ ತಿಂದು ಬಂದರಾಯಿತು ಎಂದು ಲೆಕ್ಕ ಹಾಕಿ ಹೂಂ ಅಂದೆ.

ಅಡುಗೆಯವನ ಹೆಂಡತಿ ಆಗ ಊರಲ್ಲೇ ಉಳಿದಳು. ಅವನ ಪ್ರಾಮಾಣಿಕತೆಗೆ ಮೆಚ್ಚಿ ಶೆಡ್ಡು ಬಿಟ್ಟುಕೊಡೋಣ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಅನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಇವರು ಮಾತ್ರ ಆ ಮಳೆಗಾಲ ಮುಗಿದ ಮೇಲೆ ಭಾನುವಾರಗಳಲ್ಲಿ ಮರದ ಅಂಗಡಿಗಳ ಹಿಂದೆ, ಕೆಡವುವ ಕಟ್ಟಡಗಳ ಹಿಂದೆ ಸುತ್ತತೊಡಗಿದರು. ಬಾಗಿಲು ಹಲಗೆ ತಂದರು, ತೊಲೆಯ ತುಂಡು ತಂದರು. ಯಾರಿಗೆ ಎಂದು ಕೇಳಿದರೆ ಹೇಳಲಿಲ್ಲ. ಹೋಟೆಲಿನ ಹಿಂದಿನ ಗೋಡೆಗೆ ಒತ್ತಿ, ನಮ್ಮ ಶೆಡ್ಡಿನ ಪಕ್ಕಕ್ಕೇ, ಇನ್ನೊಂದು ಮಾಡು, ಒಂದೇ ಕೋಣೆಯದು, ಎದ್ದಿತು. ಸಣ್ಣದು, ಒಂದು ಮಂಚ ಹಿಡಿಯುವಷ್ಟು. ಧಣಿ ನೋಡಿಯೂ ನೋಡದವರಂತೆ ಇದ್ದರು.

ಬಾಗಿಲು ಕೂಡಿಸುವ ದಿನ ಇವರು ಅಡುಗೆಯವನನ್ನು ಕರೆದು, "ಅಳ್ದ್ ಕಾಣ್" ಅಂದರು. ಅವನು ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಹಾಕಿದ. "ನಮ್ ಮಂಚ ಹಿಡಿತ್ತ್" ಅಂದ.